ಲಿನಕ್ಸ್ ಹಾಕಿದ ಮೇಲೆ ವೈಫೈ ಕಾಣುತ್ತಿಲ್ಲ: ಅನುಭವ ಇರುವವರು ತಿಳಿಸಿ

ಶಿರಾದಿಂದ ಪ್ರಶ್ನೆ

ಮಗಳ ಡಿಪ್ಲೊಮಾ ಓದಿಗೆಂದು ಬೆಂಗಳೂರಿನಿಂದ ಹಳೆಯ ಲ್ಯಾಪ್‌ಟಾಪ್ ತಂದು ಲಿನಕ್ಸ್ ಮಿಂಟ್ (ವಿಂಡೋಸ್‌ನಂಥದೇ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ್ದೇವೆ. ಮಿಕ್ಕಿದ್ದೆಲ್ಲ ಚುರುಕಾಗಿದೆ, ವೈಫೈ ಪಟ್ಟಿ ಮಾತ್ರ ಬರುವುದೇ ಇಲ್ಲ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ. ಅಂಗಡಿಯವರು ವಿಂಡೋಸ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ಇದೇ ತೊಂದರೆ ಎದುರಿಸಿದವರು ದಯವಿಟ್ಟು ದಾರಿ ತೋರಿಸಿ.

ತುಮಕೂರಿನಿಂದ, ಕಾಲೇಜು ಲ್ಯಾಬ್ ನೋಡಿಕೊಳ್ಳುವವರು

ಮೇಡಂ, ವಿಂಡೋಸ್ ಹಾಕಿಸುವ ಅಗತ್ಯವಿಲ್ಲ. ಮೊದಲು ಇಂಟರ್ನೆಟ್ ಬರಲಿ. ಹಾಟ್‌ಸ್ಪಾಟ್ ಹಿಡಿಯಲು ವೈಫೈ ಬೇಕು, ವೈಫೈಗೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬೇಕು, ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಕೈಚೆಲ್ಲುವುದು ಇಲ್ಲಿಯೇ. ಮೊಬೈಲನ್ನು ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸೇರಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆ್ಯಂಡ್ರಾಯ್ಡ್ ಫೋನನ್ನು ಲಿನಕ್ಸ್ ತಂತಿ ಜಾಲವೆಂದೇ ಗುರುತಿಸುತ್ತದೆ, ಬೇರೇನೂ ಹಾಕಬೇಕಿಲ್ಲ. ಆ ಆಯ್ಕೆ ಮಸುಕಾಗಿದ್ದರೆ ಕೇಬಲ್ ಬದಲಿಸಿ ನೋಡಿ. ಅಗ್ಗದ ಕೇಬಲ್‌ಗಳಲ್ಲಿ ಕೆಲವು ಚಾರ್ಜ್ ಮಾತ್ರ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ.

ಆಮೇಲೆ ಒಳಗಿರುವ ಕಾರ್ಡ್ ಯಾವುದೆಂದು ಪತ್ತೆ ಮಾಡಿ. ಲ್ಯಾಪ್‌ಟಾಪ್ ಕಂಪನಿಯ ಹೆಸರು ಇದಕ್ಕೆ ಸಾಲದು, ಒಂದೇ ಮಾದರಿಯಲ್ಲಿ ಬೇರೆ ಬೇರೆ ವೈಫೈ ಕಾರ್ಡ್‌ಗಳು ಇರುತ್ತವೆ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು, ಎಲ್ಲವೂ ಸಣ್ಣ ಅಕ್ಷರದಲ್ಲಿರುವಂತೆ ‘ಎಲ್‌ಎಸ್‌ಪಿಸಿಐ’ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ‘ಎನ್‌ಎನ್‌ಕೆ’ ಸೇರಿಸಿ. ಬರುವ ಉದ್ದನೆಯ ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲಿನ ಕೊನೆಗೆ ಚೌಕ ಆವರಣದೊಳಗೆ ಒಂದು ಜೋಡಿ ಸಂಖ್ಯೆ ಇರುತ್ತದೆ. ಮೊದಲ ಭಾಗ ತಯಾರಕರದು: 8086 ಎಂದರೆ ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಎಥೆರಾಸ್. ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲಿದೆಯೇ ನೋಡಿ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು). ಅದು ಇಲ್ಲದಿದ್ದರೆ ಕಾರ್ಡನ್ನು ಯಾವ ಡ್ರೈವರೂ ಕೈಗೆತ್ತಿಕೊಂಡಿಲ್ಲ ಎಂದರ್ಥ. ಇದ್ದರೆ ತೊಂದರೆ ಹೆಚ್ಚಾಗಿ ಫರ್ಮ್‌ವೇರ್ ಕಡತದ್ದು, ಅಂದರೆ ಕಾರ್ಡಿನೊಳಗೆ ಓಡುವ ತಂತ್ರಾಂಶದ್ದು. ಕಾರ್ಡಿನ ಸಾಲೇ ಕಾಣದಿದ್ದರೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಆಫ್ ಆಗಿರಬಹುದು ಅಥವಾ ಒಳಗೆ ಸಡಿಲವಾಗಿರಬಹುದು.

ಫರ್ಮ್‌ವೇರ್ ಬಂದಿದೆಯೇ ಎಂದು ತಿಳಿಯಲು ‘ಸುಡೊ ಡಿಎಂಇಎಸ್‌ಜಿ’ ಎಂದು ಕೊಟ್ಟು, ಬರುವ ಕರ್ನಲ್ ಸಂದೇಶಗಳನ್ನು ಓದಬೇಕು. ಇಂಟೆಲ್ ಕಾರ್ಡ್ ಇರುವವರಿಗೆ ಇಲ್ಲೊಂದು ಎಚ್ಚರಿಕೆ. ಫರ್ಮ್‌ವೇರ್ ಲೋಡ್ ಆಗಲಿಲ್ಲ, ದೋಷ -2 ಎಂಬ ಸಾಲುಗಳನ್ನು ಕಂಡು ಗಾಬರಿಯಾಗಬೇಡಿ. -2 ಎಂದರೆ ಆ ಕಡತ ಸಿಗಲಿಲ್ಲ ಎಂದಷ್ಟೇ. ಇಂಟೆಲ್ ಡ್ರೈವರ್ ಹೊಸ ಆವೃತ್ತಿಯಿಂದ ಹುಡುಕಲು ಶುರುಮಾಡಿ ಹಳೆಯದಕ್ಕೆ ಇಳಿಯುತ್ತಾ ಬರುತ್ತದೆ. ಕೊನೆಗೆ ಒಂದು ಸಿಕ್ಕಿದ್ದರೆ ಸಾಕು.

ಕಾರ್ಡಿನ ಆ ಜೋಡಿ ಸಂಖ್ಯೆ ಗೊತ್ತಾಗುವ ಮುನ್ನ ಎಲ್ಲಿಂದಲೋ ಕಮಾಂಡ್ ತಂದು ಅಂಟಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬೇರೆ ಚಿಪ್‌ಗೆ ಬರೆದ ಸೂಚನೆಯಿಂದ ಸರಿ ಇದ್ದ ಡ್ರೈವರ್ ಕಪ್ಪುಪಟ್ಟಿಗೆ ಸೇರಿ (ಅಂದರೆ ಲೋಡ್ ಆಗದಂತಾಗಿ), ಆಮೇಲೆ ಮೂಲ ತೊಂದರೆ ಯಾವುದೆಂದೇ ತಿಳಿಯದೆ ಹೋದ ಯಂತ್ರಗಳು ನಮ್ಮ ಲ್ಯಾಬಿಗೆ ಬರುತ್ತಲೇ ಇರುತ್ತವೆ.

ಬಂಗಾರಪೇಟೆಯಿಂದ

ವೈಫೈಯನ್ನು ಯಾವುದಾದರೂ ತಡೆದಿದೆಯೇ ಎಂದು ‘ಆರ್‌ಎಫ್‌ಕಿಲ್ ಲಿಸ್ಟ್’ ಕಮಾಂಡ್ ಕೊಟ್ಟು ಕೂಡ ಒಮ್ಮೆ ನೋಡಿ ಅಕ್ಕ. ಸಾಫ್ಟ್ ಬ್ಲಾಕ್‌ಗೆ ಹೌದು ಎಂದಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ಮುಗಿಯಿತು. ಹಾರ್ಡ್ ಬ್ಲಾಕ್ ಎಂದಿದ್ದರೆ ಕಮಾಂಡ್‌ನಿಂದ ಆಗುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ಪುಟ್ಟ ಸ್ವಿಚ್ ಇರುತ್ತದೆ, ಇಲ್ಲವೇ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ವೈಫೈ ಚಿತ್ರದ ಕೀಲಿ ಇರುತ್ತದೆ. ಪಕ್ಕದಲ್ಲಿ ವಿಂಡೋಸ್ ಉಳಿಸಿಕೊಂಡವರು ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಬಿಡಿ. ಅದರಿಂದ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕೆಲವು ಕಾರ್ಡ್‌ಗಳು ಲಿನಕ್ಸ್‌ಗೆ ಸಿಗದ ಸ್ಥಿತಿಯಲ್ಲಿ ಉಳಿಯುತ್ತವೆ.

ಶಿರಾದಿಂದ, ಮತ್ತೆ

ಟೆದರಿಂಗ್ ಕೆಲಸ ಮಾಡಿತು ಸರ್, ಈಗ ಇಂಟರ್ನೆಟ್ ಇದೆ. ಬ್ಲಾಕ್ ಏನೂ ಇಲ್ಲ. ಪಟ್ಟಿಯಲ್ಲಿ ಬ್ರಾಡ್‌ಕಾಮ್ ಬಿಸಿಎಂ43142, 14ಇ4:4365 ಎಂದಿದೆ. ಡ್ರೈವರ್ ಸಾಲಿನಲ್ಲಿ ‘ಬಿಸಿಎಂಎ-ಪಿಸಿಐ-ಬ್ರಿಡ್ಜ್’ ಎಂದು ಬರುತ್ತಿದೆ. ಡ್ರೈವರ್ ಇದೆ ಎಂದಾಯಿತಲ್ಲ, ಮತ್ತೇಕೆ ವೈಫೈ ಇಲ್ಲ?

ತುಮಕೂರಿನಿಂದ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಅದು ವೈಫೈ ಡ್ರೈವರ್ ಅಲ್ಲ, ಚಿಪ್‌ನ ಒಳಭಾಗಗಳಿಗೆ ದಾರಿ ಮಾಡಿಕೊಡುವ ಸೇತುವೆ ಮಾತ್ರ. ಅದರ ಮೇಲೆ ಕೂರಬೇಕಾದ ಮುಕ್ತ ಡ್ರೈವರ್ ಬಿ43 ಈ ಚಿಪ್ಪನ್ನು ನಡೆಸುವುದಿಲ್ಲ. ನಿಮಗೆ ಬೇಕಾದದ್ದು ಬ್ರಾಡ್‌ಕಾಮ್ ಕೊಟ್ಟಿರುವ ‘ಡಬ್ಲ್ಯುಎಲ್’ ಡ್ರೈವರ್. ಮಿಂಟ್ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ, ‘ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್’ ಎಂಬುದನ್ನು ಆರಿಸಿ. ಡೆಬಿಯನ್ (ಇನ್ನೊಂದು ಬಗೆಯ ಲಿನಕ್ಸ್) ಬಳಸುವವರಿಗೆ ಇದು ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಎಂಬ ಹೆಸರಿನಲ್ಲಿ ನಾನ್-ಫ್ರೀ ವಿಭಾಗದಲ್ಲಿ ಸಿಗುತ್ತದೆ. ಟೆದರಿಂಗ್ ಕೂಡ ಆಗದವರಿಗೆ ಇನ್ನೊಂದು ದಾರಿ: 2022ರ ಕೊನೆಯಲ್ಲಿ ಬಂದ ಮಿಂಟ್ 21.1ರಿಂದ ಈಚೆಗೆ, ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಚುಚ್ಚಿದರೆ ಡ್ರೈವರ್ ಮ್ಯಾನೇಜರ್ ಅದರಿಂದಲೇ ಪ್ಯಾಕೇಜ್ ತೆಗೆದುಕೊಳ್ಳುತ್ತದೆ.

ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಟ್ಟಿಂಗ್) ಆನ್ ಇದ್ದರೆ ನಡುವೆ ಒಂದು ಪಾಸ್‌ವರ್ಡ್ ಕೇಳುತ್ತದೆ, ಬರೆದಿಟ್ಟುಕೊಳ್ಳಿ. ಮತ್ತೆ ಆನ್ ಆಗುವಾಗ ನೀಲಿ ಪರದೆ ಸ್ವಲ್ಪ ಹೊತ್ತು ಮಾತ್ರ ನಿಲ್ಲುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆಯನ್ನು ದಾಟಿಸಿಬಿಟ್ಟರೆ ಡ್ರೈವರ್ ಡಿಸ್ಕ್‌ನಲ್ಲಿದ್ದರೂ ಕರ್ನಲ್ ಅದನ್ನು ಒಪ್ಪುವುದಿಲ್ಲ.

ಇನ್ನೆರಡು ಮಾತು. ಈ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ಹಾಗಾಗಿ ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಡ್ರೈವರ್ ಸರಿಯಾದ ಮೇಲೂ ಅದರ ಹೆಸರು ಕಾಣುವುದಿಲ್ಲ. ಹಾಟ್‌ಸ್ಪಾಟ್ ಭದ್ರತೆಯನ್ನು ಡಬ್ಲ್ಯುಪಿಎ2ಗೆ ಇಡಿ. ಡಬ್ಲ್ಯುಪಿಎ3 ಈ ಹಳೆಯ ಡ್ರೈವರಿಗೆ ಬರುವುದಿಲ್ಲ.

ಗೌರಿಬಿದನೂರಿನಿಂದ

ರಿಯಲ್‌ಟೆಕ್ ಇರುವವರಿಗಾಗಿ ನನ್ನದೊಂದು ಅನುಭವ ಸೇರಿಸುತ್ತೇನೆ. ನನ್ನದು ಆರ್‌ಟಿಎಲ್8723ಬಿಇ. ರೂಟರ್ ಪಕ್ಕ ಕುಳಿತರೆ ಸಿಗ್ನಲ್ ತುಂಬಿರುತ್ತಿತ್ತು, ನಡುಮನೆಗೆ ಬಂದರೆ ಮಾಯ. ಕಾರ್ಡಿಗೆ ಎರಡು ಆ್ಯಂಟೆನಾ ಜಾಗಗಳಿದ್ದು, ತಯಾರಕರು ತಂತಿಯನ್ನು ಒಂದಕ್ಕೆ ಮಾತ್ರ ಜೋಡಿಸಿದ್ದರು. ಡ್ರೈವರ್ ಖಾಲಿ ಇದ್ದುದನ್ನು ಬಳಸುತ್ತಿತ್ತು. ಡ್ರೈವರ್ ಆಯ್ಕೆಗಳನ್ನು ಬರೆಯುವ ಮಾಡ್‌ಪ್ರೋಬ್ ಕಡತದಲ್ಲಿ ‘ಆ್ಯಂಟ್_ಸೆಲ್’ ಬೆಲೆಯನ್ನು 2 ಎಂದು ಬರೆದು ಮತ್ತೆ ಬೂಟ್ ಮಾಡಿದೆ, ಮನೆಯ ಮಾಳಿಗೆಗೂ ಬರುತ್ತಿದೆ. ಕೆಲವರಿಗೆ 1 ಸರಿಹೊಂದುತ್ತದೆ. 8821ಸಿಇ ಇರುವವರು ಡ್ರೈವರನ್ನು ತಾವೇ ಕಂಪೈಲ್ ಮಾಡುವ ಮೊದಲು ಕರ್ನಲ್ ಆವೃತ್ತಿ ನೋಡಿ. 5.9ರಿಂದ ಅದರ ಬೆಂಬಲ ಕರ್ನಲ್‌ನೊಳಗೇ ಇದೆ.

ಗುಬ್ಬಿಯಿಂದ

ಕಾರ್ಡ್ ನಿಜಕ್ಕೂ ಸತ್ತಿದ್ದರೆ ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್ ಒಳ್ಳೆಯ ದಾರಿ, ಆದರೆ ಪೆಟ್ಟಿಗೆ ನೋಡಿ ಕೊಳ್ಳಬೇಡಿ. ಒಂದೇ ಮಾದರಿ ಹೆಸರಿನ ಮೊದಲ ಮತ್ತು ಎರಡನೇ ಆವೃತ್ತಿಗಳಲ್ಲಿ ಚಿಪ್ ಬೇರೆಯಾಗಿರುತ್ತದೆ, ಹಿಂಬದಿಯ ಚೀಟಿಯಲ್ಲಿ ಆವೃತ್ತಿ ಓದಿ. ಎಥೆರಾಸ್ ಎಆರ್9271 ಚಿಪ್ ಸಿಕ್ಕರೆ ನಾನು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ. ಅದರ ಡ್ರೈವರ್ ಕರ್ನಲ್‌ನಲ್ಲೇ ಇದೆ, ಫರ್ಮ್‌ವೇರ್ ಕೂಡ ಮುಕ್ತ. ರಿಯಲ್‌ಟೆಕ್‌ನ ಕೆಲವು ಡಾಂಗಲ್‌ಗಳು ಚುಚ್ಚಿದೊಡನೆ ತಮ್ಮನ್ನು ವಿಂಡೋಸ್ ಡ್ರೈವರ್ ಇರುವ ಸಿಡಿ ಎಂದು ಹೇಳಿಕೊಳ್ಳುತ್ತವೆ. ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ತೋರಿಸುವ ಪಟ್ಟಿಯಲ್ಲಿ 0ಬಿಡಿಎ:1ಎ2ಬಿ ಕಂಡರೆ ಅದೇ. ಫೈಲ್ ಮ್ಯಾನೇಜರ್‌ನಲ್ಲಿ ಆ ಸಿಡಿಯನ್ನು ಇಜೆಕ್ಟ್ ಮಾಡಿದರೆ ಸಾಮಾನ್ಯವಾಗಿ ವೈಫೈ ಆಗಿ ಬದಲಾಗುತ್ತದೆ.

ಶಿರಾದಿಂದ

ವೈಫೈ ಬಂತು! ನೀಲಿ ಪರದೆಯಲ್ಲಿ ಮಗಳೇ ಪಾಸ್‌ವರ್ಡ್ ಕೊಟ್ಟಳು. ಎಲ್ಲರಿಗೂ ತುಂಬಾ ಧನ್ಯವಾದಗಳು. ಸ್ವಲ್ಪ ಹೊತ್ತು ಬಳಸದೆ ಬಿಟ್ಟರೆ ನಿಧಾನವಾಗುತ್ತಿದೆ. ಮತ್ತೆ, ಅಪ್‌ಡೇಟ್ ಮಾಡಬಹುದೇ?

ತುಮಕೂರಿನಿಂದ

ನಿಧಾನಕ್ಕೆ ಕಾರಣ ವಿದ್ಯುತ್ ಉಳಿತಾಯವಿರಬಹುದು. ನೆಟ್‌ವರ್ಕ್‌ಮ್ಯಾನೇಜರ್‌ನ ‘ಕಾನ್ಫ್.ಡಿ’ ಫೋಲ್ಡರಿನಲ್ಲಿ ವೈಫೈ ಪವರ್‌ಸೇವ್ ಹೆಸರಿನ ಕಡತವಿದೆ, ಅದರಲ್ಲಿ 3 ಇರುವುದನ್ನು 2 ಮಾಡಿ ಮತ್ತೆ ಬೂಟ್ ಮಾಡಿ. ಅಪ್‌ಡೇಟ್ ಖಂಡಿತ ಮಾಡಿ. ಹೊಸ ಕರ್ನಲ್ ಬಂದಾಗಲೆಲ್ಲ ಡಿಕೆಎಂಎಸ್ ಎಂಬ ತಂತ್ರಾಂಶ ಈ ಡ್ರೈವರನ್ನು ತಾನೇ ಮತ್ತೆ ಕಟ್ಟುತ್ತದೆ, ಅದಕ್ಕೆ ಆ ಕರ್ನಲ್‌ನ ಹೆಡರ್ ಪ್ಯಾಕೇಜ್ ಇರಬೇಕು. ಹಳೆಯ ಕರ್ನಲ್ಲನ್ನು ಮಾತ್ರ ತಕ್ಷಣ ಅಳಿಸಬೇಡಿ. ಹೊಸದರಲ್ಲಿ ವೈಫೈ ಬರದಿದ್ದರೆ ಆನ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಿಂದ ಹಳೆಯದಕ್ಕೆ ಹೋಗಿ ಮಗಳು ಓದು ಮುಂದುವರಿಸಲಿ, ಆಮೇಲೆ ಆ ಹೊಸ ಕರ್ನಲ್‌ನ ಸಂದೇಶ ಇಲ್ಲಿ ಹಾಕಿ, ನೋಡೋಣ.