ಪದಚರ್ಚೆ: ಬೊಟಾಕ್ಸ್ ಸ್ನಾಯುವನ್ನು ‘ಮರಗಟ್ಟಿಸುತ್ತದೆ’ ಅನ್ನಬಹುದೇ?

ಗೆಳೆಯರೆ,

ಚರ್ಮದ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಬರುವವರು ಓದಲೆಂದು, ಮುಖದ ಸುಕ್ಕು ಕಾಣದಂತೆ ಮಾಡಲು ಕೊಡುವ ಬೊಟಾಕ್ಸ್ ಇಂಜೆಕ್ಷನ್ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದದ ಹತ್ತಿರ ಗಾಡಿ ನಿಂತಿದೆ. ಈ ಇಂಜೆಕ್ಷನ್ ಸ್ನಾಯುವನ್ನು ‘ಮರಗಟ್ಟಿಸುತ್ತದೆ’ ಅನ್ನುತ್ತಾರೆ. ‘ಜೋಮು ಹಿಡಿಸುತ್ತದೆ’ ಅನ್ನುವವರೂ ಇದ್ದಾರೆ. ನನಗೆ ಎರಡೂ ಸರಿ ಕಾಣುತ್ತಿಲ್ಲ.

ಮರಗಟ್ಟಿದ ಜಾಗದಲ್ಲಿ ಚಿವುಟಿದರೂ ಗೊತ್ತಾಗುವುದಿಲ್ಲ, ಅಲ್ವಾ? ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ ಮಾಡುವುದು ಅದನ್ನೇ. ಬೊಟಾಕ್ಸ್ ಹಾಗಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹೊರಬಂದಾಗ ಸ್ನಾಯು ಬಿಗಿಯುತ್ತದೆ. ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ಟಾಕ್ಸಿನ್ ಅದು ಹೊರಬರದಂತೆ ತಡೆಯುತ್ತದೆ. ಸ್ನಾಯುವಿಗೆ ಅಪ್ಪಣೆಯೇ ತಲುಪುವುದಿಲ್ಲ. ಚರ್ಮಕ್ಕೆ ಮಾತ್ರ ಮುಟ್ಟಿದ್ದು, ಚುಚ್ಚಿದ್ದು ಎಲ್ಲ ಮೊದಲಿನಂತೆಯೇ ಗೊತ್ತಾಗುತ್ತದೆ. ಕೆಲವು ದಿನಗಳಲ್ಲಿ ಪರಿಣಾಮ ಶುರುವಾಗಿ, ಸುಮಾರು 2 ವಾರಕ್ಕೆ ಪೂರ್ತಿ ಕಾಣುತ್ತದೆ. 3-4 ತಿಂಗಳಲ್ಲಿ ಇಳಿಯುತ್ತದೆ. ಆಮೇಲೆ ಹುಬ್ಬು ಗಂಟಿಕ್ಕುವ ಶಕ್ತಿ ವಾಪಸ್!

ಡೋಸ್ ಜಾಸ್ತಿಯಾದರೆ ಮುಖ ಮರದ ಗೊಂಬೆಯಂತೆ ಕಾಣುವುದು ನಿಜ. ‘ಮರಗಟ್ಟು’ ಅಲ್ಲಿಂದ ಬಂದಿರಬಹುದು. ಆದರೆ ಅದು ನೋಡುವವರ ಮಾತಾಯಿತು.

‘ಲಕ್ವ’ ಅಂದರೆ ವೈದ್ಯರ ಲೆಕ್ಕದಲ್ಲಿ ಇನ್ನಷ್ಟು ಹತ್ತಿರ. ಓದಿದವರು ಎದ್ದು ಹೋಗುತ್ತಾರೆ, ಅದೊಂದು ತೊಂದರೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಲಕ್ವ ಹೊಡೆದ ಮೇಲೆ ಕೈ ಸೆಟೆದುಕೊಂಡವರಿಗೂ ಇದೇ ಮದ್ದು ಕೊಡುತ್ತಾರೆ. ಲಕ್ವದವರಿಗೆ ಲಕ್ವ ತರಿಸುವ ಮದ್ದು ಅಂತ ಬರೆಯುವುದು ಹೇಗೆ?

ಹಾಗಾಗಿ ನನ್ನ ಓಟು ‘ಸಡಿಲಿಸು’ಗೆ. ಸುಕ್ಕಿನ ಆಚೆಗೂ ಇದು ಒಗ್ಗುತ್ತದೆ. ಅಮೆರಿಕದಲ್ಲಿ 1989ರಲ್ಲಿ ಈ ಮದ್ದಿಗೆ ಮೊದಲು ಒಪ್ಪಿಗೆ ಸಿಕ್ಕಿದ್ದು ಸುಕ್ಕಿಗಲ್ಲ, ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆ ತಾನಾಗಿ ಬಿಗಿದು ಮುಚ್ಚಿಕೊಳ್ಳುವ ತೊಂದರೆಗೆ. ಹುಬ್ಬಿನ ನಡುವಿನ ಗೆರೆಗೆ ಒಪ್ಪಿಗೆ ಬಂದದ್ದು 2002ರಲ್ಲಿ. ಕತ್ತು ತಿರುಚಿಕೊಳ್ಳುವ ಕಾಯಿಲೆ, ತಡೆಯಲಾಗದ ಮೂತ್ರದ ಅವಸರ, ಇಲ್ಲೆಲ್ಲ ‘ಬಿಗಿದದ್ದನ್ನು ಸಡಿಲಿಸುತ್ತದೆ’ ಅಂದರೆ ಸಾಕು. ಸೋಲುವುದು ಕಂಕುಳಿನ ಅತಿ ಬೆವರಿನ ಹತ್ತಿರ. ಅಲ್ಲಿ ಮದ್ದು ತಡೆಯುವುದು ಬೆವರಿನ ಗ್ರಂಥಿಗೆ ಹೋಗುವ ಅಪ್ಪಣೆಯನ್ನು. ಅಲ್ಲಿ ಸುಮ್ನೆ ‘ತಡೆಯುತ್ತದೆ’ ಅಂತ ಬರೆದುಬಿಡಲೇ?

ಇನ್ನೊಂದು ಪ್ರಶ್ನೆ. ನಕ್ಕಾಗ, ಹುಬ್ಬೇರಿಸಿದಾಗ ಮೂಡಿ ಮಾಯವಾಗುವ ಗೆರೆಗಳಿವೆ. ಮುಖ ಸುಮ್ಮನಿದ್ದಾಗಲೂ ಉಳಿಯುವ ಗೆರೆಗಳಿವೆ. ಬೊಟಾಕ್ಸ್ ಚೆನ್ನಾಗಿ ಕೆಲಸ ಮಾಡುವುದು ಮೊದಲನೆಯವುಗಳ ಮೇಲೆ. ಎರಡನೆಯವು ಮೆತ್ತಗಾಗಬಹುದು, ಪೂರ್ತಿ ಹೋಗದಿರಬಹುದು. ಜೋತುಬಿದ್ದ ಚರ್ಮವನ್ನು ಅದು ಎತ್ತಿ ಕಟ್ಟುವುದಿಲ್ಲ. ಓದುವವರಿಗೆ ಈ ವ್ಯತ್ಯಾಸ ಗೊತ್ತಾಗಲೇಬೇಕು. ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ. ಮೊದಲನೆಯದಕ್ಕೆ ‘ನೆರಿಗೆ’, ಎರಡನೆಯದಕ್ಕೆ ‘ಸುಕ್ಕು’ ಅಂತ ಇಟ್ಟುಕೊಂಡಿದ್ದೇನೆ. ನೆರಿಗೆ ಹಿಡಿದದ್ದನ್ನು ಬಿಡಿಸಬಹುದು ಅನ್ನುವ ಧೈರ್ಯ. ವಚನಗಳಲ್ಲಿ ನರೆಯ ಜೊತೆ ‘ತೆರೆ’ ಬರುತ್ತದೆ. ಚಂದದ ಪದ, ಆದರೆ ಈಗಿನವರಿಗೆ ಸಮುದ್ರವೋ ಪರದೆಯೋ ನೆನಪಾಗುತ್ತದೆ.

ನಕ್ಕಾಗ ಕಣ್ಣಿನ ಹೊರ ಅಂಚಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಗೆರೆಗಳಿಗೆ ನಿಮ್ಮ ಕಡೆ ಏನನ್ನುತ್ತಾರೆ? ಇಂಗ್ಲಿಷಿನಿಂದ ಎತ್ತಿ ತಂದ ‘ಕಾಗೆಕಾಲು’ ಬೇಡ. ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ಹೇಳಿ.