ಮನೆಯಲ್ಲಿ ಉಳಿದ ಟೇಪು

ಟಿಳಕವಾಡಿಯ ನಮ್ಮ ಪಡಸಾಲೆಯಲ್ಲಿ ಕುಂದಾದ ಡಬ್ಬಿ ತೆರೆದಿದ್ದುದರಿಂದ ಮಾಸ್ತರರೂ ಗೌಡರೂ ವಕೀಲರೂ ಕರೆಯದೆಯೇ ಬಂದು ಕುಳಿತಿದ್ದರು. ನಾನು ಮೊಬೈಲಿನಲ್ಲಿ ಅಮೆರಿಕದ ಜಾಜ್ ವಾದಕ ಜಾನ್ ಕೋಲ್ಟ್ರೇನ್ ಅವರ ಸ್ಯಾಕ್ಸೋಫೋನ್ ಹಚ್ಚಿದ್ದೆ.

"ರಾಯರೇ, ಶಹನಾಯಿಯವನಿಗೆ ಯಾರೋ ಸಂಭಾವನೆ ಕೊಡದೆ ಕಳಿಸಿದಂತಿದೆಯಲ್ಲ?" ಎಂದರು ಗೌಡರು.

1963ರ ಮಾರ್ಚ್ 6ರಂದು ಕೋಲ್ಟ್ರೇನ್ ಮತ್ತು ಮೂವರು ಸಂಗಡಿಗರು ನ್ಯೂಜರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಇದನ್ನು ನುಡಿಸಿದರೆಂದೂ, ಮೂಲ ಟೇಪು ಕಾಣೆಯಾಯಿತೆಂದೂ, ಕೇಳಿನೋಡಲು ಮನೆಗೆ ಒಯ್ದಿದ್ದ ಮೋನೋ ಪ್ರತಿ ಮಾತ್ರ ಮೊದಲ ಹೆಂಡತಿ ನೈಮಾ ಅವರ ಮನೆತನದಲ್ಲಿ ಉಳಿದು 2018ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂತೆಂದೂ ನಾನು ವಿವರಿಸಿದೆ. ಅದೇ 1963ರಲ್ಲಿ ಅವರು ಆಕೆಯಿಂದ ಬೇರೆಯಾದರೆಂಬುದನ್ನೂ ಸೇರಿಸಿದೆ.

ವಕೀಲರು ಕುಂದಾದ ಚಮಚವನ್ನು ಅರ್ಧಕ್ಕೇ ನಿಲ್ಲಿಸಿದರು. "ಬಿಟ್ಟುಹೋದವನ ಟೇಪನ್ನು ಆ ತಾಯಿ ಜೋಪಾನ ಮಾಡಿದರು. ನನ್ನಾಕೆ ಕೂಡಿ ಬಾಳುತ್ತಿರುವಾಗಲೇ ನನ್ನ ಕ್ಯಾಸೆಟ್ಟುಗಳನ್ನೆಲ್ಲ ರದ್ದಿಯವನಿಗೆ ತೂಗಿ ಕೊಟ್ಟಳು."

ಕೋಲ್ಟ್ರೇನರ ಆ ಧ್ವನಿಮುದ್ರಿಕೆಯಲ್ಲಿನ ಎರಡು ರಚನೆಗಳಿಗೆ ಹೆಸರೇ ಇಲ್ಲ, 11383 ಮತ್ತು 11386 ಎಂಬ ಸಂಖ್ಯೆಗಳಷ್ಟೇ ಇವೆ ಎಂದಾಗ, ತಮ್ಮ ಬೆಳೆಸಾಲದ ಖಾತೆಗೂ ಇಷ್ಟೇ ಚಂದದ ಹೆಸರಿದೆ ಎಂದು ಗೌಡರು ನಿಟ್ಟುಸಿರುಬಿಟ್ಟರು.

'ಇಂಪ್ರೆಷನ್ಸ್' ಎಂಬ ರಚನೆಯನ್ನು ಕೋಲ್ಟ್ರೇನ್ ನಾಲ್ಕು ಸಲ ನುಡಿಸಿದ್ದು ಸಿಕ್ಕಿದೆ. ಅಲ್ಲಲ್ಲಿ ಪಿಯಾನೋ ಸುಮ್ಮನಿರುತ್ತದೆ. "ತಪ್ಪಿದ್ದಕ್ಕೆ ನಾಲ್ಕು ಸಲವೇ?" ಎಂದರು ವಕೀಲರು.

ಮಾಸ್ತರರು ಕೆರಳಿದರು. "ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಒಂದೇ ಬಂದಿಶನ್ನು ಎರಡು ಬೈಠಕ್ಕಿನಲ್ಲಿ ಹಾಡಿದರೆ ಒಂದನ್ನು ತಪ್ಪೆನ್ನುವಿರೇನು? ಬಂದಿಶಿನ ಎರಡು ಭಾಗಗಳಾದ ಸ್ಥಾಯಿ, ಅಂತರಾ ಗೊತ್ತಿರುತ್ತವೆ. ಅಲ್ಲಿಂದ ಮುಂದೆ ಎತ್ತ ಹೋಗುವುದೆಂಬುದು ಹಾಡುವವನಿಗೂ ಆಗಲೇ ತಿಳಿಯುತ್ತದೆ."

ಇದು ನನಗೆ ಪೂರಾ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಜಾಜಿನಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಸ್ವರಮೇಳದ ಕಟ್ಟು ಬೇರೆಯೇ ಇದೆ. ಆದರೆ ಕುಂದಾ ತಂದವರು ಮಾಸ್ತರರಾಗಿದ್ದರಿಂದ ಸುಮ್ಮನಾದೆ.

ಮಾಸ್ತರರು ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದರು. ನಲವತ್ತು ವರ್ಷದ ಹಿಂದೆ ತಮ್ಮ ವಾಡೆಯಲ್ಲಿ ನಡೆದ ಬೈಠಕ್ಕು ಇದರಲ್ಲಿದೆ, ಲೋಕಕ್ಕೆ ಇನ್ನೂ ಗೊತ್ತಿಲ್ಲ ಎಂದರು. ನನ್ನ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿದೆವು. ತಂಬೂರಿ ಮೊಳಗಿತು, ಯಮನ್ ರಾಗದ ನಿಷಾದ ನಿಧಾನಕ್ಕೆ ಏರಿತು, ಗೌಡರೂ ಕಣ್ಣು ಮುಚ್ಚಿದರು. ಗವಾಯಿ ಷಡ್ಜಕ್ಕೆ ಇನ್ನೇನು ಮುಟ್ಟಬೇಕು ಎನ್ನುವಷ್ಟರಲ್ಲಿ ಟಕ್ಕೆಂದು ಸದ್ದಾಗಿ, "ಶುಭಮಂಗಲ ಸಾವಧಾನ" ಎಂದು ಪುರೋಹಿತರು ಕೂಗಿದರು.

"ನಮ್ಮ ತಂಗಿಯ ಮದುವೆ" ಎಂದರು ಮಾಸ್ತರರು, ಮೆಲ್ಲಗೆ.