ಅಜ್ಜಿ ಮರದ ಬೀಜ ಹಾಕಿದರೂ ಅದೇ ಹಣ್ಣು ಯಾಕೆ ಬರಲಿಲ್ಲ?

ಯಲಹಂಕದ ಹಿತ್ತಲು:
ತೂಬಗೆರೆ ಹತ್ತಿರ ನಮ್ಮಜ್ಜಿ ತೋಟದಲ್ಲಿ ಒಂದು ಹಲಸಿನ ಮರ ಇದೆ. ತೊಳೆ ಕೆಂಪು, ಗಟ್ಟಿ. ಮೇಣ ಕಮ್ಮಿ, ಸಿಹಿ ಜಾಸ್ತಿ. 14 ವರ್ಷದ ಹಿಂದೆ ಒಂದೇ ಹಣ್ಣಿನ ಮೂರು ಬೀಜ ತಂದು ಯಲಹಂಕದ ನಮ್ಮ ಮನೆ ಹಿಂದೆ ಹಾಕಿದೆ. ಒಂದು ಹಳದಿ ಬಕ್ಕೆ, ಅಂದರೆ ಗಟ್ಟಿ ತೊಳೆಯದು, ಆದರೆ ಸಪ್ಪೆ. ಇನ್ನೊಂದು ಅಂಬಲಿ, ಗಂಟಲಲ್ಲಿ ಜಾರುತ್ತದೆ. ಮೂರನೆಯದು ಈ ಬೇಸಿಗೆಗೆ ಮೊದಲ ಸಲ ಹಣ್ಣು ಕೊಟ್ಟಿತು, ತೊಳೆ ಬಿಳಿ. ಅಜ್ಜಿ ತೋಟ ಮಾರಿ ಆಗಿದೆ. ದಸರಾ ಕಳೆದ ಮೇಲೆ ಮರ ಕಡಿಯುತ್ತಾರಂತೆ. ಇನ್ನೂ ಹತ್ತಿಪ್ಪತ್ತು ಬೀಜ ಹಾಕಿದರೆ ಒಂದಾದರೂ ಅದೇ ಥರ ಬರುತ್ತದಾ?

ಕಸಿ ಕತ್ತಿ:
ಬರುವುದಿಲ್ಲ ಅಂದುಕೊಳ್ಳಿ. ಹಲಸಿನಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಮರದಲ್ಲಿದ್ದರೂ ಬೇರೆ ಬೇರೆ ಗೊಂಚಲು. ಪರಾಗ ಪಕ್ಕದ ಮರಗಳಿಂದಲೂ ಬರುತ್ತದೆ. ಅದೂ ಅಲ್ಲದೆ, ಒಂದು ಹಲಸಿನ ಹಣ್ಣು ಅಂದರೆ ನೂರಾರು ಹೆಣ್ಣು ಹೂ ಒಟ್ಟಿಗೆ ಬೆಳೆದದ್ದು. ಒಂದು ತೊಳೆ, ಒಂದು ಹೂ. ನಿಮ್ಮ ಮೂರು ಬೀಜಕ್ಕೆ ತಾಯಿ ಒಂದೇ, ಅಪ್ಪಂದಿರು ಮೂವರು ಇರಬಹುದು.

ಅದೇ ಹಣ್ಣು ಬೇಕು ಅಂದರೆ ಕಸಿಯೇ ದಾರಿ. ಗುಬ್ಬಿ ತಾಲ್ಲೂಕಿನ ಚೇಳೂರಲ್ಲಿ ಇದ್ದದ್ದೂ ಒಂದೇ ಮರ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅದರಿಂದ ಕಸಿ ಮಾಡಿದ್ದಕ್ಕೆ ಇವತ್ತು 'ಸಿದ್ದು' ಹಲಸು ಊರೂರಲ್ಲಿದೆ. ಪೆನ್ಸಿಲ್ ದಪ್ಪದ ತುದಿ ಕಡ್ಡಿ ಆರಿಸಿ. ವಾರ ಮುಂಚೆ ಅದರ ಎಲೆ ಸವರಿ. ಕಡ್ಡಿ ಕುಯ್ದ ದಿನವೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಬೀಜದಿಂದ ಎದ್ದ ಹಲಸಿನ ಸಸಿಗೆ ಕಟ್ಟಿಬಿಡಿ.

ಸಂತೆಗೆ ಹೋಗುವವಳು:
ಕಸಿ ಖಂಡಿತ ಮಾಡಿ. ಆದರೆ ಆ ಮೂರು ಮರ ಕಡಿಸಬೇಡಿ, ದಯವಿಟ್ಟು. ಅಜ್ಜಿ ಮರದ ಅರ್ಧ ಗುಣ ಒಂದೊಂದರಲ್ಲೂ ಇದೆ, ಅಲ್ವಾ? ಕಸಿ ಗಿಡ ನೂರಿದ್ದರೂ ಅದು ಒಂದೇ ಮರ. ಒಂದಕ್ಕೆ ತಾಳಲಾರದ ರೋಗ ಬಂದರೆ ನೂರಕ್ಕೂ ಅದೇ ಗತಿ. ಬೀಜದಿಂದ ಎದ್ದ ಹಳೇ ತೋಪಿನಲ್ಲಿ ಹಾಗಲ್ಲ. ಸಂತೆಯಲ್ಲಿ ಹಣ್ಣು ಕೊಂಡು, ತಿಂದು, ಬೀಜ ಇನ್ನೊಂದೂರಲ್ಲಿ ಹಾಕುತ್ತಾ ಬಂದಿದ್ದೇವೆ. ಹಾಗಾಗಿ ಈ ಊರಿನ ಹಲಸು, ಆ ಊರಿನ ಹಲಸು ಅಂತ ಗೆರೆ ಎಳೆಯುವುದು ಕಷ್ಟ. ಒಂದೇ ಹಳ್ಳಿಯೊಳಗೇ ಬಕ್ಕೆ, ಅಂಬಲಿ, ರುದ್ರಾಕ್ಷಿ ಎಲ್ಲಾ ಸಿಗುತ್ತವೆ. ಲೇಔಟಿಗೆ ಒಂದು ತೋಪು ಹೋದರೆ ಇಷ್ಟೂ ಹೋಗುತ್ತದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಯಲಹಂಕದ ಹಿತ್ತಲು:
ಬಿಳಿ ತೊಳೆಯದನ್ನು ಕಡಿಸೋಣ ಅಂತಿದ್ದೆ. ಬಿಟ್ಟೆ. ಕಸಿ ಕಟ್ಟುವ ಸಸಿಗೆ ಅದರ ಬೀಜವನ್ನೇ ಹಾಕಬಹುದಾ?

ಕಸಿ ಕತ್ತಿ:
ಹಾಕಿ. ಒಣಗಲು ಬಿಡಬೇಡಿ, ಒಣಗಿದ ಬೀಜ ಹುಟ್ಟುವುದಿಲ್ಲ. ಇವತ್ತೇ ಹಾಕಿದರೆ ದಸರಾ ಹೊತ್ತಿಗೆ ಸಸಿ ಕಸಿಗೆ ಬರುತ್ತದೆ.